ಗಾಡಿ ಕುಡಿದ ಡೀಸೆಲ್
(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ಸಂಘದ 25 ವರ್ಷಗಳ ಸಾಧನೆಯನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವರು, ದೊಡ್ಡ ಭಾಷಣ ನಮಗೆ ಬಾರದು. ಸಂಘದ ಶೆಡ್ಡಿನಲ್ಲಿರುವ ಹಳೆಯ ಟರ್ಬೊ ಡೀಸೆಲ್ ಕಾರಿನ ವಿಚಾರವಾಗಿ ನಾಲ್ಕು ಮಾತು ಹೇಳಿ ಕೂರುತ್ತೇವೆ.

ಆ ಕಾರನ್ನು ನಾವು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆವು. ಜಿಲ್ಲಾ ಬ್ಯಾಂಕಿಗೆ ಹೋಗಲು, ಪಶುವೈದ್ಯರನ್ನು ಕರೆತರಲು, ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಸೇರಿಸಲು ಅದೇ ಆಧಾರ. ಮೊದಲು ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿತ್ತು. ಬರಬರುತ್ತಾ ಡೀಸೆಲ್ ಬಿಲ್ಲು ಏರಿತು. ಸರ್ವ ಸದಸ್ಯರ ಸಭೆಯಲ್ಲಿ ಒಬ್ಬರು ಎದ್ದು, "ಡೀಸೆಲ್ ಗಾಡಿ ಕುಡೀತದೋ, ಇಲ್ಲಾ ಡ್ರೈವರ್ ಕುಡೀತಾನೋ?" ಎಂದರು. ಸಭೆ ನಕ್ಕಿತು. ನಾವೂ ನಕ್ಕೆವು.

ಮಾರನೆಯ ಬೆಳಗ್ಗೆ ಡ್ರೈವರ್ ಬಂದು ಗಾಡಿ ಕೀ ಮೇಜಿನ ಮೇಲಿಟ್ಟ. "ಸ್ವಾಮಿ, ಕಳ್ಳ ಅನ್ನಿಸಿಕೊಂಡು ಸ್ಟೇರಿಂಗ್ ಹಿಡಿಯೋಕೆ ಆಗೋದಿಲ್ಲ" ಅಂದ. ಅವನ ಮಗಳ ಮದುವೆಯ ಮಾತುಕತೆ ನಡೆಯುತ್ತಿದ್ದ ಸಮಯ ಅದು. ನಮಗೆ ಗಂಟಲು ಕಟ್ಟಿತು. "ಸ್ವಲ್ಪ ದಿನ ತಡಿಯಪ್ಪ. ಮೊದಲು ಲೆಕ್ಕ ಆಗಲಿ, ಆಮೇಲೆ ಮಾತು" ಎಂದು ಕೀ ವಾಪಸು ಕೊಟ್ಟೆವು.

ಮುಳ್ಳು ನೋಡಿ ಮೈಲೇಜ್ ಹೇಳಬಾರದು. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಕಿಲೋಮೀಟರ್ ಬರೆದುಕೊಂಡು, ಡ್ರೈವರ್ ಪಕ್ಕದಲ್ಲಿ ನಾವೇ ಕೂತು ಓಡಾಡಿದೆವು. ರಾತ್ರಿ ಗಾಡಿ ನಮ್ಮ ಮನೆಯಂಗಳದಲ್ಲೇ ನಿಲ್ಲುತ್ತಿತ್ತು. 240 ಕಿಲೋಮೀಟರ್ ಆದ ಮೇಲೆ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದರೆ 30 ಲೀಟರ್ ಹಿಡಿಯಿತು. ಅಂದರೆ ಲೀಟರಿಗೆ 8. ಕದಿಯಲು ಯಾರಿಗೂ ಎಡೆಯೇ ಇರಲಿಲ್ಲ. ಕುಡಿದದ್ದು ಗಾಡಿಯೇ.

ಒಂದು ಕಡೆ ತೋರಿಸಿದರೆ "ಟರ್ಬೊ ಹೋಗಿದೆ, ಬದಲಾಯಿಸಿ" ಎಂದುಬಿಟ್ಟರು. ಅಷ್ಟು ಹಣ ಸುರಿಯುವ ಮೊದಲು ತಾಲ್ಲೂಕಿನ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದೆವು. ಅವರು "ಮೊದಲು ಕಾಸಿಲ್ಲದ್ದು ನೋಡೋಣ, ಕಾಸಿನದು ಆಮೇಲೆ" ಎಂದರು. ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ ನೋಡಿದೆವು, ಡೀಸೆಲ್ ಒಂದು ಹನಿಯೂ ಬಿದ್ದಿರಲಿಲ್ಲ. ಟೈರಿನ ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿದ್ದಾಗ ಅಳೆದರೆ ನಾಲ್ಕರಲ್ಲೂ ಕಡಿಮೆ. ಏರ್ ಫಿಲ್ಟರಿನಲ್ಲಿ ನಮ್ಮೂರ ರಸ್ತೆಯ ಧೂಳೆಲ್ಲಾ ಕೂತಿತ್ತು. ಸ್ವಲ್ಪ ದೂರ ಓಡಿಸಿ ಚಕ್ರಗಳ ಹತ್ತಿರ ಕೈ ಹಿಡಿದರೆ ಹಿಂದಿನ ಒಂದು ಚಕ್ರ ಮಾತ್ರ ಕಾದ ಹೆಂಚಿನ ಹಾಗಿತ್ತು. ಬ್ರೇಕು ಹಿಡಿದದ್ದು ಬಿಡುತ್ತಿರಲಿಲ್ಲ. ಇಷ್ಟು ಸರಿಪಡಿಸಿ ಮತ್ತೆ ಅಳೆದೆವು. 252 ಕಿಲೋಮೀಟರಿಗೆ 28 ಲೀಟರ್, ಅಂದರೆ 9.

ಆದರೂ ದಿಣ್ಣೆ ಹತ್ತುವಾಗ ಕಪ್ಪು ಹೊಗೆ, ಎಳೆಯಲು ಸೋಮಾರಿತನ, ಬಾನೆಟ್ಟಿನೊಳಗೆ 'ಬುಸ್' ಎಂಬ ಸದ್ದು. ಟರ್ಬೊ ಅಂದರೆ ಏನೋ ಮಾಯ ಅಲ್ಲ. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದರ ಜೊತೆಗಿನ ಇನ್ನೊಂದು ಚಕ್ರ ಎಂಜಿನ್ನಿಗೆ ಗಾಳಿ ಒತ್ತುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಅದೇ ವರ್ಷ.

ಮೇಸ್ತ್ರಿ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪನ್ನು ತೋರಿಸಿದರು. ಕ್ಲಿಪ್ಪಿನ ಸುತ್ತ ಎಣ್ಣೆ ಜಿಡ್ಡು, ಅದರಡಿಯಲ್ಲಿ ಬೆರಳುದ್ದದ ಬಿರುಕು. ಎಂಜಿನ್ ಸುಮ್ಮನೆ ಓಡುವಾಗ ಅದು ಮುಚ್ಚಿಕೊಂಡಿರುತ್ತದೆ, ರೇಸ್ ಕೊಟ್ಟಾಗ ಬಾಯಿ ಬಿಡುತ್ತದೆ. ಒತ್ತಿದ ಗಾಳಿ ಹೊರಗೆ ಹೋದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಗಾಡಿ ಎಳೆಯಲಿಲ್ಲವೆಂದು ಡ್ರೈವರ್ ಇನ್ನೂ ಆಕ್ಸಿಲರೇಟರ್ ಒತ್ತುತ್ತಾನೆ. ಖರ್ಚು ಏರುವುದು ಹೀಗೆ. ಪೈಪು, ಕ್ಲಿಪ್ಪು ಬದಲಾಯಿಸಿ ಅಳೆದರೆ 276 ಕಿಲೋಮೀಟರಿಗೆ 24 ಲೀಟರ್, ಅಂದರೆ 11.5. ಹಳೆಯ 12 ಬರಲಿಲ್ಲ. ಗಾಡಿಗೂ ವಯಸ್ಸಾಗಿದೆಯಲ್ಲ!

ಟರ್ಬೊ ಟ್ರಾಕ್ಟರ್ ಇಟ್ಟುಕೊಂಡಿರುವ ರೈತ ಬಾಂಧವರೂ ಇದನ್ನು ಗಮನಿಸಬೇಕು. ಕಪ್ಪು ಹೊಗೆ ಬಂದರೆ ಮೊದಲು ಗಾಳಿಯ ದಾರಿ ನೋಡಿ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದು ತಿಳಿಯಿರಿ. ಭಾರ ಎಳೆದು ಬಂದ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಿ, ಇಲ್ಲದಿದ್ದರೆ ಕಾದ ಟರ್ಬೊಗೆ ಆಯಿಲ್ ನಿಂತುಹೋಗುತ್ತದೆ. ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಒಂದೊಂದೇ ರಿಪೇರಿ ಮಾಡಿ, ಪ್ರತಿ ಸಲವೂ ಅಳೆಯಿರಿ.

ಮೂರು ಸಲದ ಲೆಕ್ಕವನ್ನೂ ಸಂಘದ ಬೋರ್ಡಿನ ಮೇಲೆ ಬರೆಸಿದೆವು. ಅಂದು ತಮಾಷೆ ಮಾಡಿದ್ದ ಸದಸ್ಯರೇ ಡ್ರೈವರನ ಮನೆಗೆ ಹೋಗಿ "ತಪ್ಪಾಯ್ತು ಕಣಪ್ಪ" ಎಂದು ಬಂದರು. ಅದು ಅವರ ದೊಡ್ಡತನ. ಆದರೆ ಅಂದು ನಕ್ಕ ನಾವು ಯಾರೂ ಹಾಗೆ ಹೇಳಿರಲಿಲ್ಲ. ಇಂದು ಇಷ್ಟು ಜನರೆದುರು ಹೇಳುತ್ತೇವೆ: ತಪ್ಪು ನಮ್ಮದೂ ಆಗಿತ್ತು.

ಟರ್ಬೊದಲ್ಲಿ ಗಾಳಿ ಸೋರಬಾರದು, ಸಂಘದಲ್ಲಿ ನಂಬಿಕೆ ಸೋರಬಾರದು. ಸೋರಿದರೆ ಎಲ್ಲಿ ಎಂದು ಹುಡುಕೋಣ. ಹುಡುಕುವ ಮೊದಲೇ ಯಾರ ಕಡೆಗೂ ಬೆರಳು ತೋರಿಸುವುದು ಬೇಡ.