ದೀಪದ ಕಥೆ ಮತ್ತು ದಾದಿಯ ಸಂಬಳ

(ದಾದಿಯರ ದಿನದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮೇ 12 ಬಂತೆಂದರೆ ಆಸ್ಪತ್ರೆಗಳಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಪಟಕ್ಕೆ ಹಾರ ಬೀಳುತ್ತದೆ. ದಾದಿಯರು ದೀಪ ಹಿಡಿದು ಪ್ರತಿಜ್ಞೆ ಮಾಡುತ್ತಾರೆ. ಆಡಳಿತದವರು ತ್ಯಾಗ, ತಾಳ್ಮೆ, ಸೇವೆ ಎಂದು ಹೊಗಳುತ್ತಾರೆ. ಮರುದಿನ ಅದೇ ದಾದಿ ಸಂಬಳದ ಮಾತೆತ್ತಿದರೆ, ಸೇವೆಗೆ ಬೆಲೆ ಕಟ್ಟುವೆಯಾ ಎಂಬ ಗದರಿಕೆ! ಒಂದು ಪುಣ್ಯಕಥೆ ಸಂಸ್ಥೆಯ ಕಟ್ಟಳೆಯಾಗುವುದು ಹೀಗೆ.

ಕಥೆ ನಮಗೆಲ್ಲ ಗೊತ್ತು. ಕ್ರೈಮಿಯಾ ಯುದ್ಧಕಾಲದಲ್ಲಿ, 1854ರ ನವೆಂಬರಿನಲ್ಲಿ, ಆಕೆ 38 ಮಂದಿ ಹೆಂಗಸರೊಡನೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದಳು. ರಾತ್ರಿ ದೀಪ ಹಿಡಿದು ರೋಗಿಗಳ ನಡುವೆ ನಡೆದಳು. ಇದು ಸುಳ್ಳಲ್ಲ. ಆದರೆ ಕಥೆ ಇಲ್ಲಿಗೇ ನಿಂತುಬಿಟ್ಟಿದೆ. ದೀಪ ಉರಿಯುತ್ತಿದ್ದ ಆ ಚಳಿಗಾಲದಲ್ಲೇ ಸೈನಿಕರು ಸಾವಿರಗಟ್ಟಲೆ ಸತ್ತರು. ಹೆಚ್ಚಿನವರು ಗಾಯದಿಂದಲ್ಲ, ಭೇದಿ, ಕಾಲರಾ, ಜ್ವರಗಳಿಂದ. 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿ, ಗಾಳಿಗೆ ದಾರಿ ಮಾಡಿಸಿದ ಮೇಲೆ ಸಾವು ಇಳಿಯಿತು. ಅಂಕಿಗಳನ್ನು ಕೂಡಿಸಿ, 1858ರಲ್ಲಿ ಚಿತ್ರ ಬರೆದು, ತಡೆಯಬಹುದಾಗಿದ್ದ ಸಾವುಗಳೆಷ್ಟು ಎಂದು ಆಳುವವರಿಗೆ ತೋರಿಸಿದವಳೂ ನೈಟಿಂಗೇಲಳೇ. ಲೆಕ್ಕ ಹಿಡಿದು ಅಧಿಕಾರವನ್ನು ಪ್ರಶ್ನಿಸಿದ ಆ ಹೆಂಗಸಿನ ಪಟ ಗೋಡೆಯ ಮೇಲೇಕಿಲ್ಲ? ದೀಪ ಹಿಡಿದವಳು ಮಾತಾಡುವುದಿಲ್ಲ. ಲೆಕ್ಕ ಹಿಡಿದವಳು ಕೇಳುತ್ತಾಳೆ. ಕಾರಣ ಇಷ್ಟೆ.

ಇನ್ನೊಂದು ಮಾತು. ಆಕೆ ಸಿರಿವಂತರ ಮಗಳು. ತಂದೆ ವರ್ಷಕ್ಕೆ 500 ಪೌಂಡು ಕೊಡುತ್ತಿದ್ದ. ಸಂಬಳ ಬೇಡದವಳ ಅಳತೆಗೋಲಿನಿಂದ ಸಂಬಳದಿಂದಲೇ ಮನೆ ನಡೆಸುವವಳನ್ನು ಅಳೆಯುವುದು ಯಾವ ನ್ಯಾಯ? 1860ರಲ್ಲಿ ಆಕೆಯ ಹೆಸರಿನಲ್ಲಿ ಲಂಡನ್ನಿನಲ್ಲಿ ತೆರೆದ ಶಾಲೆಯಲ್ಲಿ ಕಲಿಯುವವರಿಗೂ ಊಟ, ವಸತಿ, ಭತ್ಯೆ ಇದ್ದವು. ಪ್ರತಿಜ್ಞೆಯಂತೂ ಆಕೆ ಬರೆದದ್ದೇ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ರಚಿಸಿ ಆಕೆಯ ಹೆಸರಿಟ್ಟರು. ಅದರಲ್ಲಿ ವೈದ್ಯನಿಗೆ ನಿಷ್ಠೆಯ ಮಾತುಂಟು. ಕೂಲಿಯ ಮಾತಿಲ್ಲ, ದುಡಿಮೆಯ ಗಂಟೆಗಳ ಮಾತಿಲ್ಲ.

ಇದು ಹಳೆಯ ಕಥೆಯೆನ್ನಬೇಡಿ. 2020ರ ಕೊರೊನಾ ಕಾಲದಲ್ಲಿ ದಾದಿಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಯೋಧರೆಂದು ಕರೆದರು. ಮಾರ್ಚ್ 22ರಂದು ತಟ್ಟೆ ಬಡಿದರು, ಮೇ 3ರಂದು ಆಸ್ಪತ್ರೆಗಳ ಮೇಲೆ ಆಕಾಶದಿಂದ ಹೂ ಸುರಿದರು. ಜುಲೈನಲ್ಲಿ ನಮ್ಮ ಕರ್ನಾಟಕದ ಆಶಾ ಸೋದರಿಯರು ತಿಂಗಳಿಗೆ 12,000 ರೂಪಾಯಿ, ರಕ್ಷಣಾ ಸಾಮಗ್ರಿ ಬೇಕೆಂದು ಮುಷ್ಕರ ಹೂಡಬೇಕಾಯಿತು. ಅವರಿಗೆ ಕೊಡುವುದರ ಹೆಸರೇ 'ಗೌರವಧನ'. ಗೌರವವನ್ನು ಮುಂದೆ ಮಾಡಿ ಧನವನ್ನು ಹಿಂದಿಟ್ಟ ಪದ!

ನಾವು ಸೇವೆಯನ್ನು ಹಳಿಯುತ್ತಿಲ್ಲ. ರೋಗಿಯ ಮೇಲಿನ ಕರುಣೆ ನಿಮ್ಮದೇ ಆಸ್ತಿ. ಅದನ್ನು ಮಾಲೀಕನ ಬಂಡವಾಳವಾಗಲು ಬಿಡಬೇಡಿ. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ರಚಿತವಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದಿತು. ನಿಮ್ಮಲ್ಲಿ ಎಷ್ಟು ಕೊಡುತ್ತಾರೆ? ಒಬ್ಬ ದಾದಿಗೆ ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳು? ಬರೆದಿಡಿ, ಕೂಡಿಸಿ, ಸಂಘದ ಮೂಲಕ ಮುಂದಿಡಿ. ನೈಟಿಂಗೇಲಳಿಗೆ ಸಲ್ಲುವ ನಿಜವಾದ ಪೂಜೆ ಅದು.