ಹಿತ್ತಲಿಗೆ ಎಷ್ಟು ಹುಂಜ ಬೇಕು?



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆ ಹೋದರೂ ಹಿತ್ತಲಲ್ಲಿ ನಾಲ್ಕು ಕೋಳಿ ಕಾಣುತ್ತೇವೆ. ಮಕ್ಕಳ ಪುಸ್ತಕಕ್ಕೋ ಸಂಘದ ಉಳಿತಾಯಕ್ಕೋ ನಮ್ಮ ಕೈಗೆ ಸಿಗುವ ಕಾಸು ಅದು. ಅದಕ್ಕೇ ಕೇಳುತ್ತೇವೆ: ನಿಮ್ಮ ಮನೇಲಿ ಹುಂಜ ಎಷ್ಟು?

ಬರೀ ಮೊಟ್ಟೆ ಮಾರೋದಾದರೆ ಹುಂಜವೇ ಬೇಡ; ಅದಿಲ್ಲದಿದ್ದರೂ ಹ್ಯಾಟೆ ಮೊಟ್ಟೆ ಇಡುತ್ತದೆ. ಮರಿ ಬೇಕೆಂದರೆ 8-10 ಹ್ಯಾಟೆಗೆ ಒಂದು ಹುಂಜ ಸಾಕು. ಐದಾರು ಹ್ಯಾಟೆಗೆ ಮೂರು ಹುಂಜ ಬಿಟ್ಟರೆ ಏನಾಗುತ್ತೆ? ಹುಂಜಗಳು ಕಾದಾಡುತ್ತವೆ, ಹ್ಯಾಟೆಗಳ ಬೆನ್ನಿನ ಪುಕ್ಕ ಕಿತ್ತು ಗಾಯವಾಗುತ್ತೆ, ರಾಗಿಯೂ ದಂಡ. ಹೆಚ್ಚಿನವನ್ನು ಐದಾರು ತಿಂಗಳಿಗೇ ಮಾರಿಬಿಡಿ. ಕೋಳಿ ಪಂದ್ಯಕ್ಕೆ ಮಾತ್ರ ಕೊಡಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅದು ಅಪರಾಧ.

20 ಹ್ಯಾಟೆ ಇದ್ದವರು ಎರಡು ಹುಂಜ ಇಟ್ಟುಕೊಳ್ಳಬಹುದು. ಒಟ್ಟಿಗೆ ಬೆಳೆದವಾದರೆ ಒಳ್ಳೇದು. ಕಾಳು, ನೀರು ಎರಡು ಕಡೆ ಇಡಿ.

ಇನ್ನೊಂದು ಮಾತು. ಅದೇ ಹುಂಜದ ಮರಿಯನ್ನೇ ಮುಂದಿನ ಹುಂಜ ಮಾಡುತ್ತಾ ಹೋದರೆ ರಕ್ತ ಹತ್ತಿರವಾಗಿ ಮರಿಗಳು ಸೊರಗುತ್ತವೆ. ಆದ್ದರಿಂದ ಸಂಘ ಸಂಘಗಳ ನಡುವೆ ಹುಂಜ ಬದಲಾಯಿಸಿಕೊಳ್ಳೋಣ. ಬಂದ ಹುಂಜಕ್ಕೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿ, ಮೂರು ವಾರ ಬೇರೆ ಇಡಿ. ಹಳೇ ಹುಂಜವನ್ನು ಅಂದೇ ತೆಗೆಯಿರಿ. ಅದರ ಬೀಜ ಹ್ಯಾಟೆಯ ಹೊಟ್ಟೆಯಲ್ಲಿ ಎರಡು ವಾರಕ್ಕೂ ಮೇಲೆ ಉಳಿಯಬಹುದು. ಹೊಸದನ್ನು ಬಿಟ್ಟು ವಾರ ಕಳೆದ ಮೇಲಿನ ಮೊಟ್ಟೆಯನ್ನೇ ಕಾವಿಗೆ ಇಡಿ.

ಇವತ್ತು ಸಂಜೆ ಕೋಳಿ ಮುಚ್ಚುವಾಗ ಒಮ್ಮೆ ಹುಂಜ ಎಣಿಸಿ ನೋಡಿ. ಮುಂದಿನ ಸಭೆಗೆ ಲೆಕ್ಕ ತನ್ನಿ, ಅಲ್ಲೇ ಬದಲಿ ಮಾತಾಡೋಣ.