ಮೂಡಣ ಯಾರಿಗೆ ಮೂಡಣ?

ನನ್ನ ಕೈಯಲ್ಲಿರುವುದು ಐದು ಬಣ್ಣದ ಒಂದು ಜಪಮಾಲೆ. ಅಮೆರಿಕದ ಬಿಷಪ್ ಫುಲ್ಟನ್ ಶೀನ್ 1951ರಲ್ಲಿ ಇದನ್ನು ರೂಪಿಸಿದರು. ಹತ್ತು ಹತ್ತು ಮಣಿಗಳ ಐದು ಗುಂಪು. ಹಸಿರು ಆಫ್ರಿಕಕ್ಕೆ, ಕೆಂಪು ಅಮೆರಿಕ ಖಂಡಗಳಿಗೆ, ಪೋಪರ ನಿಲುವಂಗಿಯ ಬಿಳಿ ಯೂರೋಪಿಗೆ, ಕಡಲ ನೀಲಿ ಪೆಸಿಫಿಕ್ ದ್ವೀಪಗಳಿಗೆ, ಹಳದಿ ಏಷ್ಯಕ್ಕೆ. ಪ್ರಾರ್ಥನೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಮಗುವಿನ ಬೆರಳು ಭೂಮಿಯನ್ನು ಸುತ್ತಿ ಬಂದಿರುತ್ತದೆ. ಭೂಗೋಳಕ್ಕೆ ಇಷ್ಟು ಒಳ್ಳೆಯ ಪಾಠೋಪಕರಣವನ್ನು ನಾನು ಬೇರೆ ಕಂಡಿಲ್ಲ.

ಮಂಗಳೂರಿನಲ್ಲಿ ಭಾನುವಾರದ ಧರ್ಮೋಪದೇಶ ತರಗತಿಗೆ ಇದನ್ನು ತೆಗೆದುಕೊಂಡು ಹೋಗಿದ್ದೆ. ಏಷ್ಯಕ್ಕೆ ಹಳದಿ ಯಾಕೆ ಎಂದು ಒಬ್ಬಳು ಹುಡುಗಿ ಕೇಳಿದಳು. ಮೂಡಣದ ಬೆಳಗಿನ ಬೆಳಕಮ್ಮ ಅದು, ಎಂದೆ. ಅವಳು ಕಿಟಕಿಯತ್ತ ತಿರುಗಿ, “ನಮಗೆ ಸೂರ್ಯ ಹುಟ್ಟುವುದು ಘಟ್ಟದ ಹಿಂದೆ ಅಲ್ವಾ ಸರ್?” ಎಂದಳು. ಮುಂದಿನ ಪಾಠ ಅಲ್ಲೇ ಬಿಟ್ಟೆ. ಏಷ್ಯ ಮೂಡಣವಾಗುವುದು ಯೂರೋಪಿನಲ್ಲಿ ನಿಂತು ನೋಡುವವರಿಗೆ. ನಮಗೆ ಮೂಡಣವೆಂದರೆ ಘಟ್ಟ, ಹಾಸನ, ಬೆಂಗಳೂರು.

ಅಂದಿನಿಂದ ನಾನು ಮಿಶನರಿಗಳ ಕಥೆ ಹೇಳುವಾಗಲೆಲ್ಲ ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡಿದ್ದೇನೆ: ಎಲ್ಲಿ ನಿಂತು ನೋಡುತ್ತಿದ್ದೇವೆ? ಫ್ರಾನ್ಸಿನ ಬಿಷಪ್ ಫೋರ್ಬಿನ್-ಜಾನ್ಸನ್ 1843ರಲ್ಲಿ ಪವಿತ್ರ ಬಾಲ್ಯ ಸಂಘ ಕಟ್ಟಿದರು. ಅಲ್ಲಿನ ಮಕ್ಕಳು ತಮ್ಮ ಚಿಲ್ಲರೆ ಕಾಸು ಕೂಡಿಸಿ ಚೀನದ ಅನಾಥ ಶಿಶುಗಳಿಗೆ ಕಳಿಸಿದರು. ಆ ಕರುಣೆಗೆ ಕೈಮುಗಿಯುತ್ತೇನೆ. ಆದರೆ ಚೀನವೆಂದರೆ ಶಿಶುಗಳನ್ನು ಬಿಟ್ಟುಹೋಗುವ ಊರು ಎಂದಷ್ಟೇ ಕಲಿತ ಮಗು ಚೀನವನ್ನು ಕಲಿತಂತಾಗಲಿಲ್ಲ. ಈ ಮಾತು ಹೇಳುವಾಗ ನನಗೆ ನೋವಾಗುತ್ತದೆ, ಆದರೂ ಹೇಳಲೇಬೇಕು.

ಚೀನದಲ್ಲೇ ನಿಂತು ನೋಡಿದ ಪಾದ್ರಿಯೂ ಇದ್ದರು. ಇಟಲಿಯ ಜೆಸ್ವಿಟ್ ಮತ್ತೆಯೊ ರಿಚ್ಚಿ 1602ರಲ್ಲಿ ಚೀನೀ ವಿದ್ವಾಂಸ ಲಿ ಝಿಝಾವೊ ಜೊತೆಗೂಡಿ ಬೀಜಿಂಗಿನಲ್ಲಿ ಆರು ಪಟ್ಟಿಗಳ ಭೂಪಟ ಅಚ್ಚು ಹಾಕಿಸಿದರು. ಅದರಲ್ಲಿ ಚೀನ ನಡುವಿಗೆ ಹತ್ತಿರ, ಅವರ ಸ್ವಂತ ಯೂರೋಪು ಎಡದಂಚಿಗೆ.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುವುದು ಇನ್ನೊಬ್ಬ ಪಾದ್ರಿ ಯುಸೇಬಿಯೊ ಕೀನೊ ಅವರ ಕಥೆ. ಹದಿನೇಳನೇ ಶತಮಾನದ ಯೂರೋಪಿನ ಭೂಪಟಗಳಲ್ಲಿ ಕ್ಯಾಲಿಫೋರ್ನಿಯ ಒಂದು ದ್ವೀಪ. 1699ರಲ್ಲಿ ಇಂದಿನ ಅರಿಜೋನದ ಗಿಲಾ ನದಿಯ ಬಳಿ ಅಲ್ಲಿಯ ಜನ ಕೀನೊ ಕೈಗೆ ನೀಲಿ ಬಣ್ಣದ ಕಪ್ಪೆಚಿಪ್ಪುಗಳನ್ನಿತ್ತರು. ಅಂಥವನ್ನು ಕೀನೊ ಹಿಂದೆ ಕಂಡದ್ದು ಕ್ಯಾಲಿಫೋರ್ನಿಯದಾಚೆಯ ಪೆಸಿಫಿಕ್ ದಡದಲ್ಲಿ ಮಾತ್ರ. ಅದೇ ಗುಂಗಿನಲ್ಲಿ ಮತ್ತೆ ಮತ್ತೆ ಪಯಣ ಮಾಡಿ, 1701ರಲ್ಲಿ ಕೊಲರಾಡೊ ನದಿ ದಾಟಿ, ಕ್ಯಾಲಿಫೋರ್ನಿಯಕ್ಕೆ ನೆಲದ ದಾರಿಯಿದೆ ಎಂದು ನಕ್ಷೆ ಬರೆದರು.

ಈ ಪಾಠಕ್ಕೆ ಪುಸ್ತಕ ಬೇಡ. ಪಣಂಬೂರಿನ ಕಡಲತೀರದಿಂದ ತಂದ ಒಂದು ಕಪ್ಪೆಚಿಪ್ಪನ್ನು ಮೇಜಿನ ಮೇಲಿಟ್ಟು, “ಕಡಲಿಲ್ಲದ ಊರಿನಲ್ಲಿ ಇದು ಸಿಕ್ಕಿದರೆ?” ಎಂದು ಕೇಳಿದೆ. ಮಳೆ, ನೆರೆ, ಹಕ್ಕಿ ಎಂದರು ಕೆಲವರು. ಘಟ್ಟದ ಹಿಂದಿನ ಸೂರ್ಯನನ್ನು ತೋರಿಸಿದ್ದ ಅದೇ ಹುಡುಗಿ ಚಿಪ್ಪನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ತಿರುಗಿಸಿ ನೋಡಿದಳು. “ಪಾದ್ರಿಗಿಂತ ಮೊದಲೇ ಆ ದಾರಿಯಲ್ಲಿ ಯಾರೋ ನಡೆದು ಬಂದಿರಬೇಕು ಸರ್,” ಎಂದಳು.